ಮೊದಲು ಉಪ್ಪು ಬಿಡಿಸಿ, ಆಮೇಲೆ ತುಕ್ಕು

ಪ್ರಶ್ನೆ: ನಮ್ಮದು ಗಂಗೊಳ್ಳಿ. ಅಪ್ಪಯ್ಯ 1994ರ ಟಾಟಾ 407 ಇಟ್ಟುಕೊಂಡು ಇಪ್ಪತ್ತು ವರ್ಷ ಮೀನು ಸಾಗಿಸಿದ್ದರು. ಅವರು ತೀರಿಕೊಂಡು ಆರು ವರ್ಷವಾಯಿತು. ಅಂದಿನಿಂದ ಗಾಡಿ ಮನೆ ಹಿಂದೆ ತೆಂಗಿನ ಮರದ ಬುಡದಲ್ಲಿ ಟಾರ್ಪಾಲು ಹೊದ್ದು ನಿಂತಿದೆ. ಇಂಜಿನ್ ಈಗಲೂ ಸ್ಟಾರ್ಟ್ ಆಗುತ್ತದೆ. ಆದರೆ ಕ್ಯಾಬಿನ್ ನೆಲದಲ್ಲಿ ಕೈ ತೂರುವಷ್ಟು ತೂತು. ಬಾಗಿಲಿನ ಕೆಳಭಾಗ ಮುಟ್ಟಿದರೆ ಉದುರುತ್ತದೆ. ಹಿಂದಿನ ಬಾಡಿಯ ಅಡಿಪಟ್ಟಿಗಳು ಪದರ ಪದರವಾಗಿ ಎದ್ದಿವೆ. ಮಾರಲು ಮನಸ್ಸಿಲ್ಲ. ನನ್ನ ಹತ್ತಿರ ಗ್ರೈಂಡರ್, ಡ್ರಿಲ್ ಇವೆ. ವೆಲ್ಡಿಂಗ್ ಸ್ವಲ್ಪ ಬರುತ್ತದೆ. ಒಬ್ಬರು ಆಸಿಡ್ ಹಾಕಿ ತೊಳೆ ಅಂತಾರೆ, ಇನ್ನೊಬ್ಬರು ಫೈಬರ್ ಹಚ್ಚಿ ಪುಟ್ಟಿ ತುಂಬು ಅಂತಾರೆ. ಮನೆಯಲ್ಲೇ ರಿಪೇರಿ ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಮಾಡಬಹುದು. ಆದರೆ ಆಸಿಡ್ ಬೇಡ, ಫೈಬರ್ ಬೇಡ, ಗ್ರೈಂಡರ್ ಕೂಡ ಸದ್ಯಕ್ಕೆ ಬೇಡ. ನಿಮಗೆ ಮೊದಲು ಬೇಕಾಗಿರುವುದು ಸಿಹಿನೀರು.

ನಾನು ಮೂವತ್ತೈದು ವರ್ಷದಿಂದ ಶಿವಮೊಗ್ಗದಲ್ಲಿ ಟಿಂಕರಿಂಗ್ ಕೆಲಸ ಮಾಡುತ್ತಿದ್ದೇನೆ. ಹುಲಿಕಲ್ ಘಾಟಿ ಹತ್ತಿ ಬರುವ ಮೀನಿನ ಗಾಡಿಗಳು ನಮ್ಮ ಶೆಡ್ಡಿಗೆ ಎಷ್ಟು ಬಂದಿವೆಯೋ ಲೆಕ್ಕವಿಲ್ಲ. ಮಲೆನಾಡಿನ ಮರಳು ಗಾಡಿಗೂ ನಿಮ್ಮ ಕಡೆಯ ಮೀನಿನ ಗಾಡಿಗೂ ತುಕ್ಕಿನಲ್ಲಿ ಬಹಳ ವ್ಯತ್ಯಾಸ. ಮರಳು ಗಾಡಿಯಲ್ಲಿ ಪೇಂಟ್ ಕಿತ್ತುಹೋದ ಕಡೆ ಮಾತ್ರ ತುಕ್ಕು. ಮೀನಿನ ಗಾಡಿಯ ಪೇಂಟ್ ಹೊರಗಿನಿಂದ ಚೆನ್ನಾಗೇ ಕಾಣುತ್ತಿರುತ್ತದೆ, ಬೆರಳಿನಿಂದ ಒತ್ತಿದರೆ ಒಳಗೆ ಹಪ್ಪಳ ಮುರಿದ ಸದ್ದು.

ಕಾರಣ ಉಪ್ಪು. ಮೀನಿನ ಪೆಟ್ಟಿಗೆಯಿಂದ ಐಸ್ ಕರಗಿದ ಉಪ್ಪು ನೀರು ಇಪ್ಪತ್ತು ವರ್ಷ ಬಾಡಿಯಿಂದ ಸೋರಿ ಅಡಿಪಟ್ಟಿಗೆ, ಚಾಸಿಗೆ, ಕ್ಯಾಬಿನ್ನಿನ ಹಿಂಬದಿಗೆ ಇಳಿದಿದೆ. ಅದರ ಮೇಲೆ ಕಡಲ ಗಾಳಿ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಮರಿಗೆಯಲ್ಲಿ ನೀರೊಡೆಯುತ್ತದಲ್ಲ, ಅದೇ ನಿಮ್ಮ ಗಾಡಿಯ ಸಂದುಗಳಲ್ಲೂ ನಡೆಯುತ್ತಿದೆ. ಗಾಳಿಯ ತೇವಾಂಶ ಶೇಕಡ 75 ದಾಟಿದರೆ ಉಪ್ಪು ತಾನಾಗಿ ನೀರು ಎಳೆದುಕೊಂಡು ಕರಗುತ್ತದೆ. ನಿಮ್ಮೂರಿನಲ್ಲಿ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ಬೆಳಗಿನ ಹೊತ್ತು ಅಷ್ಟು ತೇವ ಇಲ್ಲದ ದಿನ ವರ್ಷದಲ್ಲಿ ಎಷ್ಟು ಸಿಗುತ್ತವೆ ಹೇಳಿ? ಗಾಡಿ ಮಳೆಯಲ್ಲಿ ನೆನೆಯದಿದ್ದರೂ ಒಳಗೆ ಒದ್ದೆಯೇ. ಕಬ್ಬಿಣ, ನೀರು, ಗಾಳಿ ಮೂರು ಸೇರಿದರೆ ತುಕ್ಕು. ಆ ನೀರಿನಲ್ಲಿ ಉಪ್ಪಿದ್ದರೆ ಕೆಲಸ ಇನ್ನೂ ಬೇಗ.

ಟಾರ್ಪಾಲಿನ ಬಗ್ಗೆ ಒಂದು ಮಾತು. ಪ್ರೀತಿಯಿಂದಲೇ ಹೊದಿಸಿದ್ದೀರಿ, ಗೊತ್ತು. ಆದರೆ ತಗಡಿಗೆ ಅಂಟಿಕೊಂಡಿರುವ ಟಾರ್ಪಾಲು ಒಳಗಿನ ಒದ್ದೆಯನ್ನು ಹೊರಗೆ ಬಿಡುವುದಿಲ್ಲ. ರಾತ್ರಿ ಅದರ ಒಳಮೈಯಲ್ಲಿ ಹನಿ ಕಟ್ಟಿ ಮತ್ತೆ ಗಾಡಿಯ ಮೇಲೇ ಬೀಳುತ್ತದೆ. ನಾಲ್ಕು ಕಂಬ ನೆಟ್ಟು ಮೇಲೆ ಶೀಟ್ ಹಾಕಿದ ಚಪ್ಪರ ಮಾಡಿ. ಸುತ್ತ ಗಾಳಿ ಆಡಲಿ. ತೆಂಗಿನ ಮರದಿಂದ ದೂರ ಇರಲಿ. ಹೊಸ ಬಾನೆಟ್ಟಿನ ಮೇಲೆ ಕಾಯಿ ಬಿದ್ದರೆ ಮತ್ತೆ ನನಗೇ ಪತ್ರ ಬರೆಯುತ್ತೀರಿ.

ಈಗ ಪರೀಕ್ಷೆ. ಒಂದು ಸಣ್ಣ ಸುತ್ತಿಗೆ, ಒಂದು ಹಳೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಗಾಡಿ ಅಡಿಗೆ ಹೋಗಿ. ಮೊದಲು ಚಾಸಿ. ಉದ್ದಕ್ಕೂ ಮೆಲ್ಲಗೆ ಬಡಿಯುತ್ತಾ ಬನ್ನಿ. ಗಟ್ಟಿ ಕಬ್ಬಿಣ ‘ಠಣ್’ ಅನ್ನುತ್ತದೆ. ಕೊಳೆತದ್ದು ‘ದಬ್’ ಅನ್ನುತ್ತದೆ. ಸ್ಪ್ರಿಂಗ್ ಪ್ಲೇಟಿನ ಬ್ರಾಕೆಟ್‌ಗಳ ಸುತ್ತ, ಕ್ಯಾಬಿನ್ ಕೂರುವ ಮೌಂಟಿಂಗ್‌ಗಳ ಹತ್ತಿರ, ಎರಡು ಪ್ಲೇಟ್ ಸೇರಿಸಿ ರಿವೆಟ್ ಹೊಡೆದ ಕಡೆ ಸ್ಕ್ರೂಡ್ರೈವರ್ ತುದಿಯಿಂದ ಜೋರಾಗಿ ಚುಚ್ಚಿ. ತುಕ್ಕು ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ತಿನ್ನುತ್ತದೆ. ಆದ್ದರಿಂದ ಎರಡು ಪ್ಲೇಟಿನ ನಡುವೆ ತುಕ್ಕು ಬೆಳೆದರೆ ಪ್ಲೇಟ್‌ಗಳೇ ಬಾಯಿ ಬಿಡುತ್ತವೆ, ರಿವೆಟ್ ಎಳೆದುಕೊಳ್ಳುತ್ತದೆ. ಹಾಗೆ ಬಾಯಿ ಬಿಟ್ಟಿದ್ದರೆ, ಇಲ್ಲವೇ ಚಾಸಿಯಲ್ಲಿ ಎಲ್ಲಾದರೂ ತುದಿ ಒಳಗೆ ಹೋದರೆ, ಅಲ್ಲಿಗೆ ನಿಲ್ಲಿಸಿ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಚಾಸಿ ಕೆಲಸ ಮಾಡುವವರಿಗೆ ತೋರಿಸಿ. ಚಾಸಿಗೆ ಮನೆಯಲ್ಲಿ ವೆಲ್ಡಿಂಗ್ ಮಾಡಬೇಡಿ, ಹೊಸ ತೂತು ಕೊರೆಯಬೇಡಿ. ಕ್ಯಾಬಿನ್ ಎಷ್ಟೇ ಹಾಳಾಗಿರಲಿ, ಚಾಸಿ ‘ಠಣ್’ ಅಂದರೆ ಗಾಡಿ ಉಳಿಯುತ್ತದೆ.

ಇದೇ ಹೊತ್ತಿಗೆ ಚಾಸಿ ನಂಬರ್ ಹೊಡೆದಿರುವ ಜಾಗ ಹುಡುಕಿ. ಬಟ್ಟೆಯಿಂದ ಒರೆಸಿ, ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ. ಆಮೇಲೆ ಅಲ್ಲಿ ಗ್ರೀಸ್ ಬಳಿದು ಟೇಪ್ ಅಂಟಿಸಿ. ಗ್ರೈಂಡರ್ ಹಿಡಿದವರ ಕೈ ಒಂದು ಕ್ಷಣ ತಪ್ಪಿ ನಂಬರ್ ಅಳಿಸಿಹೋದರೆ ಆರ್‌ಟಿಒ ಕಚೇರಿಯ ಮೆಟ್ಟಿಲು ಎಷ್ಟಿವೆ ಅಂತ ಬಾಯಿಪಾಠ ಆಗುತ್ತದೆ.

ಇನ್ನು ನೀರು. ಸೀಟು, ರಬ್ಬರ್ ಮ್ಯಾಟ್, ಅದರಡಿಯ ಫೆಲ್ಟ್, ಬಾಗಿಲ ಒಳಗಿನ ರೆಕ್ಸಿನ್ ಹಲಗೆ, ಮುಂದಿನ ಗಾಜು, ಗಾಜಿನ ರಬ್ಬರ್ ಎಲ್ಲ ಬಿಚ್ಚಿ. ಗಾಜಿನ ರಬ್ಬರ್ ಕೆಳಗಿನ ಅಂಚು ನೋಡಿದರೆ ನಿಮಗೇ ಗೊತ್ತಾಗುತ್ತದೆ, ಕ್ಯಾಬಿನ್ ನೆಲಕ್ಕೆ ನೀರು ಬಂದದ್ದು ಅಲ್ಲಿಂದಲೇ. ಮೇಲೆ ಗಾಜಿನ ಸಂದಿನಿಂದ ಸೋರಿದ್ದು ಕೆಳಗೆ ಮ್ಯಾಟಿನಡಿ ನಿಲ್ಲುತ್ತದೆ. ಫೆಲ್ಟ್ ಅದನ್ನು ಸ್ಪಂಜಿನ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಮೇಲಿನ ಸೋರಿಕೆ ನಿಲ್ಲಿಸದೆ ಕೆಳಗಿನ ತಗಡು ಬದಲಿಸಿದರೆ ಐದು ವರ್ಷಕ್ಕೆ ಮತ್ತೆ ಅದೇ ತೂತು. ಬಾಗಿಲಿನ ಕತೆಯೂ ಹೀಗೇ. ಬಾಗಿಲ ಗಾಜಿನ ಪಕ್ಕದಲ್ಲಿ ಇಳಿದ ನೀರು ಹೊರಗೆ ಹೋಗಲು ಕೆಳಗೆ ಸಣ್ಣ ತೂತುಗಳಿರುತ್ತವೆ. ಧೂಳು, ಎಲೆ ಸೇರಿ ಅವು ಮುಚ್ಚಿಹೋಗಿರುತ್ತವೆ.

ಎಲ್ಲ ಬಿಚ್ಚಿದ ಮೇಲೆ ಪ್ರೆಶರ್ ವಾಷರ್‌ನಿಂದ ತೊಳೆಯಿರಿ. ಬಾಡಿಗೆಗೆ ಸಿಕ್ಕಿದರೂ ಸಾಕು. ಆದರೆ ನಿಮ್ಮ ಬಾವಿ ನೀರು ಮೊದಲು ನಾಲಿಗೆಗೆ ಹಾಕಿ ನೋಡಿ. ಬೇಸಿಗೆಯಲ್ಲಿ ಕಡಲ ಬದಿಯ ಎಷ್ಟೋ ಬಾವಿಗಳು ಸವಳಾಗುತ್ತವೆ. ಉಪ್ಪು ನೀರಿನಿಂದ ಉಪ್ಪು ತೊಳೆದರೆ ಏನು ಬಂತು? ನಲ್ಲಿ ನೀರು, ಹಿಡಿದಿಟ್ಟ ಮಳೆ ನೀರು ಒಳ್ಳೆಯದು. ಮಡಚಿದ ಅಂಚು, ಬಾಕ್ಸಿನಂತಿರುವ ಪಟ್ಟಿಗಳ ಒಳಗೆ ನಳಿಕೆ ತೂರಿಸಿ, ಕೆಳಗೆ ಸ್ವಚ್ಛ ನೀರು ಬರುವ ತನಕ ಬಿಡಿ. ಒಂದು ದಿನ ಒಣಗಿಸಿ. ಮತ್ತೆ ತೊಳೆಯಿರಿ. ಮೀನಿನ ಗಾಡಿಯನ್ನು ನಾನು ನಾಲ್ಕು ಸಲ ತೊಳೆಯುತ್ತೇನೆ. ಹುಡುಗರು ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ.

ಉಪ್ಪು ಹೋಗಿದೆಯೇ ಅಂತ ತಿಳಿಯಲು ಸುಲಭದ ದಾರಿ ಇದೆ. ತುಕ್ಕು ಹಿಡಿದ ಒಂದು ಕಡೆ ಅಂಗೈಯಗಲ ಜಾಗವನ್ನು ಬಿಳಿ ಲೋಹ ಕಾಣುವ ತನಕ ಉಜ್ಜಿ. ಏನೂ ಹಚ್ಚದೆ ಚಪ್ಪರದಡಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಇಡೀ ಜಾಗ ತೆಳುವಾಗಿ ಹಳದಿಯಾಗಿದ್ದರೆ ಅದು ಬರೀ ಗಾಳಿಯ ತೇವ, ಪರವಾಗಿಲ್ಲ. ತಗ್ಗುಗಳೊಳಗೆ ಮಾತ್ರ ಕಪ್ಪು ಚುಕ್ಕೆ ಎದ್ದು ಅಲ್ಲಲ್ಲೇ ಒದ್ದೆ ಕಂಡರೆ ಉಪ್ಪು ಇನ್ನೂ ಕೂತಿದೆ. ಅದರ ಮೇಲೆ ಎಷ್ಟು ದುಬಾರಿ ಪ್ರೈಮರ್ ಹೊಡೆದರೂ ಒಂದೇ ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ.

ಆಸಿಡ್ ಏಕೆ ಬೇಡ ಅನ್ನುವುದಕ್ಕೆ ನನ್ನದೇ ಒಂದು ಮೂರ್ಖತನ ಹೇಳುತ್ತೇನೆ. ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಉಸ್ತಾದ್ ಊರಿಗೆ ಹೋಗಿದ್ದರು. ಒಂದು ಲಾರಿಯ ಬಾಗಿಲ ಅಂಚಿನಲ್ಲಿ ತುಕ್ಕು. ಬೇಗ ಮುಗಿಸೋಣ ಅಂತ ಪಾಯಿಖಾನೆ ತೊಳೆಯುವ ಆಸಿಡ್ ತಂದು ಸುರಿದೆ. ಐದು ನಿಮಿಷಕ್ಕೆ ಬೆಳ್ಳಿಯ ಹಾಗೆ ಹೊಳೆಯಿತು. ನೀರು ಹಾಕಿದೆ, ಪ್ರೈಮರ್ ಹೊಡೆದೆ, ಪೇಂಟ್ ಹೊಡೆದೆ. ಮೂರು ತಿಂಗಳಿಗೆ ಗಾಡಿ ವಾಪಸ್ ಬಂತು. ಮಡಚಿದ ಅಂಚಿನ ಉದ್ದಕ್ಕೂ ತುಕ್ಕು ನೀರು ಕಣ್ಣೀರಿನ ಹಾಗೆ ಇಳಿದಿತ್ತು. ಆ ಆಸಿಡ್ ಹೈಡ್ರೋಕ್ಲೋರಿಕ್ ಆಸಿಡ್. ಉಪ್ಪಿನಲ್ಲಿರುವ ಕ್ಲೋರೈಡೇ ಅದರಲ್ಲೂ ಇದೆ. ತುಕ್ಕು ತೆಗೆದು, ಹೊಸ ತುಕ್ಕಿಗೆ ಬೀಜ ಬಿತ್ತಿ ಹೋಗುತ್ತದೆ. ಸಂದಿನೊಳಗೆ ಹೋದದ್ದನ್ನು ತೊಳೆದು ತೆಗೆಯಲು ಆಗುವುದೇ ಇಲ್ಲ. ಉಸ್ತಾದ್ ಬೈಯಲಿಲ್ಲ. ಎರಡೂ ಬಾಗಿಲು ನನ್ನ ಕೈಯಲ್ಲೇ ಬಿಚ್ಚಿಸಿ, ಸಂಬಳವಿಲ್ಲದೆ ಹೊಸದಾಗಿ ಮಾಡಿಸಿದರು.

ಅಂಗಡಿಯಲ್ಲಿ ರಸ್ಟ್ ಕನ್ವರ್ಟರ್ ಅಂತ ಸಿಗುತ್ತದೆ. ಅದರ ಬಗ್ಗೆ ನನಗೆ ತಕರಾರಿಲ್ಲ, ಆದರೆ ಜಾಗ ನೋಡಿ ಹಚ್ಚಬೇಕು. ಕೆಲವದರಲ್ಲಿ ಫಾಸ್ಫಾರಿಕ್ ಆಸಿಡ್ ಇರುತ್ತದೆ, ಕೆಲವದರಲ್ಲಿ ಟ್ಯಾನಿನ್. ಟ್ಯಾನಿನ್ ಅಂದರೆ ನಮಗೆ ಹೊಸದಲ್ಲ. ಬಾಳೆಕಾಯಿ ಹೆಚ್ಚಿದ ಮೆಟ್ಟುಕತ್ತಿ ಕಪ್ಪಾಗುವುದು ಕಾಯಿಯ ಒಗರು ಕಬ್ಬಿಣಕ್ಕೆ ತಾಗಿ. ಹಳಬರು ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ಲೆಕ್ಕ. ಕನ್ವರ್ಟರ್ ಹಚ್ಚಿದಾಗಲೂ ತೆಳು ತುಕ್ಕು ಹೀಗೇ ಕಪ್ಪಗೆ ಗಟ್ಟಿಯಾಗಿ ಕೂರುತ್ತದೆ. ಗಟ್ಟಿಯಾಗಿ ಅಂಟಿಕೊಂಡ ತೆಳು ತುಕ್ಕಿಗೆ, ಬ್ರಷ್ ತಲುಪದ ಮೂಲೆಗೆ ಅದು ಸರಿ. ಪದರ ಎದ್ದ ತುಕ್ಕಿನ ಮೇಲೆ ಹಚ್ಚಿದರೆ ಮೇಲಿನ ಪದರ ಕಪ್ಪಾಗುತ್ತದೆ, ಅಡಿಯದು ತನ್ನ ಕೆಲಸ ಮುಂದುವರಿಸುತ್ತದೆ.

ಬಿಚ್ಚಿ ತೆಗೆದ ಸಣ್ಣ ಸಾಮಾನಿಗೆ ಮನೆಯಲ್ಲೇ ಒಳ್ಳೆಯ ಉಪಾಯಗಳಿವೆ. ಬಾಗಿಲ ಕೀಲು, ಬ್ರಾಕೆಟ್, ಹಿಡಿಕೆ ಮುಂತಾದವನ್ನು ಒಂದು ಪಾಲು ಜೋನಿ ಬೆಲ್ಲ, ಒಂಬತ್ತು ಪಾಲು ನೀರು ಬೆರೆಸಿದ ಡಬ್ಬದಲ್ಲಿ ಎರಡು ಮೂರು ವಾರ ಮುಳುಗಿಸಿಡಿ. ವಾಸನೆ ಕೆಟ್ಟದಾಗಿರುತ್ತದೆ, ಇರುವೆ ಬರುತ್ತವೆ, ಮನೆಯವರ ಬೈಗುಳವೂ ಇರುತ್ತದೆ. ಆದರೆ ತುಕ್ಕು ಮಾತ್ರ ಬಿಟ್ಟುಹೋಗಿ ಒಳ್ಳೆಯ ಕಬ್ಬಿಣ ಉಳಿಯುತ್ತದೆ. ಅಲ್ಯೂಮಿನಿಯಂ ಸಾಮಾನು ಅದರಲ್ಲಿ ಹಾಕಬೇಡಿ. ಅವಸರ ಇದ್ದರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬಟ್ಟೆ ಸೋಡಾ ಕರಗಿಸಿ, 12 ವೋಲ್ಟ್ ಬ್ಯಾಟರಿ ಚಾರ್ಜರ್‌ನ ಮೈನಸ್ ತಂತಿಯನ್ನು ತುಕ್ಕಿನ ಸಾಮಾನಿಗೆ, ಪ್ಲಸ್ ತಂತಿಯನ್ನು ಒಂದು ಕಬ್ಬಿಣದ ಸರಳಿಗೆ ಕಟ್ಟಿ. ಸರಳು ಮತ್ತು ಸಾಮಾನು ಒಂದಕ್ಕೊಂದು ತಾಗಬಾರದು. ತಂತಿ ಅದಲು ಬದಲಾದರೆ ನಿಮ್ಮ ಸಾಮಾನೇ ಕರಗುತ್ತದೆ. ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಸರಳಿನ ಬದಲು ಹಾಕಬೇಡಿ, ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಬರುತ್ತದೆ. ಇದನ್ನು ಬಯಲಲ್ಲೇ ಮಾಡಿ, ಏಕೆಂದರೆ ಬರುವ ಗುಳ್ಳೆ ಹೈಡ್ರೋಜನ್, ಬೀಡಿ ಕಿಡಿ ಸಾಕು. ಸ್ಪ್ರಿಂಗ್, ಗಟ್ಟಿ ಬೋಲ್ಟ್‌ಗಳನ್ನು ಇದಕ್ಕೆ ಹಾಕಬೇಡಿ. ಹೈಡ್ರೋಜನ್ ಒಳಸೇರಿ ಅವು ಪೆಡಸಾಗುತ್ತವೆ, ಭಾರ ಬಿದ್ದಾಗ ಮುರಿಯುತ್ತವೆ.

ಈಗ ಗ್ರೈಂಡರ್ ತೆಗೆಯಬಹುದು. ಮೊದಲು ಉಳಿ, ಸುತ್ತಿಗೆ ಹಿಡಿದು ಪದರಗಳನ್ನು ಎಬ್ಬಿಸಿ. ಆಮೇಲೆ ಗ್ರೈಂಡರಿಗೆ ಹಾಕುವ ತಂತಿ ಬ್ರಷ್, ಅಂದರೆ ವೈರ್ ಕಪ್. ಕೊನೆಗೆ 60 ಅಥವಾ 80 ನಂಬರಿನ ಫ್ಲಾಪ್ ಡಿಸ್ಕ್ (ಉಪ್ಪುಕಾಗದದ ಎಸಳು ಜೋಡಿಸಿದ ಚಕ್ರ), ಅದೂ ಹಗುರ ಕೈಯಲ್ಲಿ. ಮೂವತ್ತು ವರ್ಷದ ತಗಡು ಆಗಲೇ ತೆಳುವಾಗಿದೆ, ಹೊಳಪು ಬರಲಿ ಅಂತ ಒತ್ತಿದರೆ ಇರುವುದೂ ಹೋಗುತ್ತದೆ. ವೈರ್ ಕಪ್ಪಿನ ಎಳೆ ಕಿತ್ತು ಸೂಜಿಯಂತೆ ಹಾರುತ್ತದೆ. ಸುತ್ತ ಮುಚ್ಚಿದ ಕನ್ನಡಕ ಇಲ್ಲದೆ ಹಿಡಿಯಲೇಬೇಡಿ. ಲುಂಗಿ ಉಟ್ಟು ಕೂಡ ಬೇಡ. ಮೂಗಿಗೆ ಕರವಸ್ತ್ರ ಸಾಲದು, ಧೂಳಿನ ಒಳ್ಳೆಯ ಮಾಸ್ಕ್ ಹಾಕಿ. ಏಕೆಂದರೆ ಹಳೆಯ ಲಾರಿ ಪೇಂಟಿನಲ್ಲಿ, ಅದರಲ್ಲೂ ಹಳದಿ, ಕೇಸರಿ, ಕೆಂಪು ಬಣ್ಣಗಳಲ್ಲಿ ಸೀಸ ಇರುವ ಸಂಭವ ಜಾಸ್ತಿ. ನಮ್ಮಲ್ಲಿ ಮನೆ ಪೇಂಟಿನ ಸೀಸಕ್ಕೆ ಮಿತಿ ಬಂದದ್ದೇ 2016ರ ನಿಯಮದಿಂದ. 1994ರ ಗಾಡಿಯ ಮಾತು ಬಿಡಿ. ಪೇಂಟ್ ಇರುವ ಕಡೆ ನೀರು ಹಾಕಿ ಉಪ್ಪುಕಾಗದದಿಂದ ಉಜ್ಜಿ, ಧೂಳು ಹಾರದಿರಲಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಬಿದ್ದದ್ದನ್ನು ಸುತ್ತಿ ತೆಗೆಯಿರಿ. ಮಕ್ಕಳು, ಕೋಳಿ ಆ ಕಡೆ ಬರದಂತೆ ನೋಡಿಕೊಳ್ಳಿ.

ತೂತು ಬಿದ್ದ ಕಡೆ ಫೈಬರ್ ಹಚ್ಚುವ ಸಲಹೆ ಬಂದಿದೆಯಲ್ಲ, ಅದು ಗಾಡಿ ಮಾರುವವರ ಉಪಾಯ. ಇಟ್ಟುಕೊಳ್ಳುವವರದ್ದಲ್ಲ. ಕ್ಯಾಬಿನ್ ನೆಲಕ್ಕೆ ಸೀಟಿನ ಬೋಲ್ಟ್ ಬರುತ್ತದೆ. ಅಪ್ಪಳಿಸಿ ಬ್ರೇಕ್ ಹಾಕಿದ ದಿನ ಆ ಬೋಲ್ಟ್ ಫೈಬರ್ ಸಮೇತ ಎದ್ದು ಬಂದರೆ? ಅಂಚಿನ ತುಕ್ಕು ಫೈಬರಿನಡಿ ಒದ್ದೆ ಹಿಡಿದುಕೊಂಡು ಇನ್ನೂ ಬೇಗ ಹರಡುತ್ತದೆ. ತಗಡೇ ಹಾಕಬೇಕು.

ಇಲ್ಲಿ ನಿಮಗೆ ಒಂದು ಅದೃಷ್ಟ ಇದೆ. ನಿಮ್ಮದು 407. 1986ರಲ್ಲಿ ಇದು ಬಂದಾಗ ಜಪಾನಿ ಕಂಪನಿಗಳ ಜೊತೆ ಸೇರಿ ಮಾಡಿದ ಡಿಸಿಎಂ ಟೊಯೊಟಾ, ಆಲ್ವಿನ್ ನಿಸ್ಸಾನ್, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ ಎಲ್ಲ ಇದ್ದವು. ಇವತ್ತು ಆಲ್ವಿನ್ ನಿಸ್ಸಾನ್‌ನ ಬಾಗಿಲು ಬೇಕೆಂದರೆ ಗುಜರಿಯಲ್ಲಿ ದೇವರನ್ನು ಹುಡುಕಿದ ಹಾಗೆ. 407ರ ನೆಲದ ತಗಡು, ಬಾಗಿಲು, ಮಡ್‌ಗಾರ್ಡ್, ಫುಟ್‌ಬೋರ್ಡ್ ಹೊಸದೇ ಸಿಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆವರೆಗೆ ಹೋಗಬೇಕಾಗಿಯೂ ಇಲ್ಲ, ಉಡುಪಿ, ಮಂಗಳೂರಿನಲ್ಲಿ ವಿಚಾರಿಸಿ. ಬಾಗಿಲ ಕೆಳಭಾಗ ಪೂರ್ತಿ ಉದುರಿದ್ದರೆ ತೇಪೆ ಹಾಕುತ್ತಾ ಕೂರಬೇಡಿ, ಬಾಗಿಲೇ ಬದಲಿಸಿ. ತೇಪೆಗೆ ಹೋಗುವ ಸಮಯ ನೆಲದ ಕೆಲಸಕ್ಕೆ ಕೊಡಿ. ಕೊಳ್ಳುವಾಗ ಹಳೆಯ ತುಂಡು ಜೊತೆಗೆ ಒಯ್ಯಿರಿ. ಕಂಪನಿಯದ್ದಲ್ಲದೆ ಹೊರಗಿನವರು ಮಾಡುವ ಸಾಮಾನು ಎಲ್ಲ ಒಂದೇ ಅಳತೆಯಲ್ಲಿ ಇರುವುದಿಲ್ಲ.

ಕತ್ತರಿಸುವ ಮೊದಲು ಎರಡೂ ಬಾಗಿಲು ಸರಿಯಾಗಿ ಹಾಕಿಕೊಳ್ಳುತ್ತವೆಯಾ ನೋಡಿ. ಬಾಗಿಲ ಚೌಕಟ್ಟಿಗೆ ಅಡ್ಡ ಒಂದು ಆಂಗಲ್ ಪಟ್ಟಿಯನ್ನು ತಾತ್ಕಾಲಿಕವಾಗಿ ಟ್ಯಾಕ್ (ಚುಕ್ಕೆ ವೆಲ್ಡಿಂಗ್) ಹೊಡೆಯಿರಿ. ನೆಲ ತೆಗೆದ ಕ್ಯಾಬಿನ್ ರಟ್ಟಿನ ಡಬ್ಬದ ಹಾಗೆ ತಿರುಚಿಕೊಳ್ಳುತ್ತದೆ. ಆಮೇಲೆ ಬಾಗಿಲು ಜನ್ಮದಲ್ಲಿ ಸರಿ ಕೂರುವುದಿಲ್ಲ. ಒಂದು ಬದಿ ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದು ಬದಿಗೆ ಕೈ ಹಾಕಿ. ತೂತಿನ ಸುತ್ತ ಗಟ್ಟಿ ಲೋಹ ಸಿಗುವ ತನಕ ಕತ್ತರಿಸಿ, ಅದರಾಚೆ ಇನ್ನೂ ಎರಡು ಮೂರು ಸೆಂಟಿಮೀಟರ್ ಹೋಗಿ. ಇಲ್ಲಿ ಜಿಪುಣತನ ಬೇಡ. ತುಕ್ಕು ಹಿಡಿದ ಅಂಚಿಗೆ ವೆಲ್ಡಿಂಗ್ ತಾಗಿಸಿದರೆ ತೂತು ದೊಡ್ಡದಾಗುತ್ತಲೇ ಹೋಗುತ್ತದೆ. ರಟ್ಟಿನಲ್ಲಿ ಅಳತೆ ಕತ್ತರಿಸಿ ಕೂರಿಸಿ ನೋಡಿ, ಆಮೇಲೆ ತಗಡು. ನೆಲಕ್ಕೆ 18 ಗೇಜ್, ಅಂದರೆ ಸುಮಾರು 1.2 ಮಿಲಿಮೀಟರ್. ಹೊರಮೈಗೆ 20 ಗೇಜ್, ಸುಮಾರು 0.9 ಮಿಲಿಮೀಟರ್. ಸಿಆರ್ (ಕೋಲ್ಡ್ ರೋಲ್ಡ್) ಶೀಟ್ ಕೇಳಿ ತನ್ನಿ. ಸತು ಬಳಿದ ಜಿಐ ಶೀಟ್ ತುಕ್ಕು ಹಿಡಿಯುವುದಿಲ್ಲ ಅಂತ ಆಸೆಪಟ್ಟು ತಂದರೆ, ವೆಲ್ಡಿಂಗ್ ಶಾಖಕ್ಕೆ ಸತುವಿನ ಹೊಗೆ ಬಂದು ರಾತ್ರಿ ಚಳಿ ಜ್ವರ ಹಿಡಿಯುತ್ತದೆ.

‘ವೆಲ್ಡಿಂಗ್ ಸ್ವಲ್ಪ ಬರುತ್ತದೆ’ ಅಂದಿದ್ದೀರಿ. ಗೇಟು, ಗ್ರಿಲ್ ಮಾಡುವ ಕಡ್ಡಿ ವೆಲ್ಡಿಂಗ್ ಆದರೆ ಈ ತಗಡಿಗೆ ಅದು ಬೇಡ, ಒಂದೇ ಏಟಿಗೆ ತೂತು. 0.8 ಮಿಲಿಮೀಟರ್ ತಂತಿಯ ಸಿಒಟು ವೆಲ್ಡಿಂಗ್ (ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಟ್ಟು ತಂತಿ ಕರಗಿಸುವುದು) ಬೇಕು. ಯಂತ್ರ ಇಲ್ಲದಿದ್ದರೆ ಕತ್ತರಿಸಿ, ಅಳತೆ ಕೂರಿಸಿ, ಕ್ಲಾಂಪ್ ಹಾಕಿ ಎಲ್ಲ ಸಿದ್ಧ ಮಾಡಿಟ್ಟು, ವೆಲ್ಡಿಂಗಿಗೆ ಮಾತ್ರ ಒಬ್ಬರನ್ನು ಮನೆಗೆ ಕರೆಸಿ. ಅದರಲ್ಲಿ ನಾಚಿಕೆ ಏನಿಲ್ಲ. ನೀವೇ ಮಾಡುವುದಾದರೆ ಉದ್ದ ಗೆರೆ ಎಳೆಯಬೇಡಿ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ. ಮುಟ್ಟಿದರೆ ಬಿಸಿ ತಡೆಯುವಂತಾದ ಮೇಲೆ ನಡುವಿನದು. ಹೀಗೆ ಹೊಲಿಗೆ ಹಾಕಿದಂತೆ ತುಂಬುತ್ತಾ ಬಂದರೆ ತಗಡು ಅಲೆ ಅಲೆಯಾಗಿ ಏಳುವುದಿಲ್ಲ.

ವೆಲ್ಡಿಂಗ್ ಶುರು ಮಾಡುವ ಮೊದಲು ಬ್ಯಾಟರಿಯ ತಂತಿ ಬಿಚ್ಚಿ. ಹತ್ತಿರದ ವೈರಿಂಗ್, ಬ್ರೇಕ್ ಪೈಪ್, ಡೀಸೆಲ್ ಪೈಪ್ ಸರಿಸಿ. ಡೀಸೆಲ್ ಟ್ಯಾಂಕ್ ಇಳಿಸಿ ದೂರ ಇಡಿ. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ, ಒಳಗೆ ಆವಿ ಇರುತ್ತದೆ. ಟ್ಯಾಂಕಿಗೆ ಮನೆಯಲ್ಲಿ ಬೆಂಕಿ, ಕಿಡಿ ಯಾವುದೂ ತಾಗಬಾರದು. ಒಬ್ಬರು ಬಕೆಟ್ ನೀರು, ಮರಳು ಇಟ್ಟುಕೊಂಡು ಪಕ್ಕದಲ್ಲಿರಲಿ. ಕೆಲಸ ಮುಗಿದು ಅರ್ಧ ಗಂಟೆಯಾದ ಮೇಲೆ ಇನ್ನೊಮ್ಮೆ ಮೂಸಿ ನೋಡಿ ಹೊರಡಿ. ಕ್ಯಾಬಿನ್ ಸಂದಿನಲ್ಲಿ ಉಳಿದ ಫೆಲ್ಟ್ ಚೂರು ಒಳಗೊಳಗೇ ಕೆಂಡದಂತೆ ಉರಿಯುತ್ತಿರುತ್ತದೆ.

ಪ್ರೈಮರ್ ಅದೇ ದಿನ ಬೀಳಬೇಕು. ನಿಮ್ಮ ಗಾಳಿಯಲ್ಲಿ ಬರಿಯ ಲೋಹ ಒಂದು ರಾತ್ರಿ ಕೂಡ ತಡೆಯುವುದಿಲ್ಲ. ಆದ್ದರಿಂದ ಬೆಳಗ್ಗೆ ಎಷ್ಟು ಜಾಗ ಉಜ್ಜಬೇಕು ಅನ್ನುವುದನ್ನು ಮಧ್ಯಾಹ್ನ ಎಷ್ಟು ಪ್ರೈಮರ್ ಹೊಡೆಯಬಹುದು ಅನ್ನುವುದರಿಂದ ಲೆಕ್ಕ ಹಾಕಿ. ಕರಾವಳಿಯಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಬೆಳಗಿನ ಇಬ್ಬನಿ ಆರಿದ ಮೇಲೆ ಸಂಜೆ ನಾಲ್ಕರ ಒಳಗೆ. ಲೋಹದ ಬಿಸಿ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು ಅನ್ನುತ್ತಾರೆ ಪೇಂಟಿನವರು. ಮೀಟರ್ ಬೇಡ, ಒದ್ದೆ ಬಟ್ಟೆಯಿಂದ ತಗಡಿನ ಮೇಲೆ ಒಂದು ಗೆರೆ ಎಳೆಯಿರಿ. ಹದಿನೈದು ನಿಮಿಷದೊಳಗೆ ಆರಿದರೆ ಪೇಂಟ್ ಡಬ್ಬ ತೆಗೆಯಿರಿ. ಆರದಿದ್ದರೆ ಚಹಾ ಕುಡಿದು ಬನ್ನಿ.

ಯಾವ ಪ್ರೈಮರ್? ಎರಡು ಡಬ್ಬ ಬೆರೆಸುವ ಎಪಾಕ್ಸಿ. ರೆಡ್ ಆಕ್ಸೈಡ್ ಅಗ್ಗ, ಎಲ್ಲರೂ ಹೊಡೆಯುತ್ತಾರೆ, ನಾನೂ ಕಿಟಕಿ ಸರಳಿಗೆ ಅದನ್ನೇ ಹೊಡೆಯುತ್ತೇನೆ. ಆದರೆ ಅದೊಂದೇ ಇದ್ದರೆ ನೀರು ಒಳಗೆ ಇಳಿಯುತ್ತದೆ. ಕಡಲ ಬದಿಯ ಮೀನಿನ ಗಾಡಿಗೆ ಅದು ಸಾಲದು. ಎಪಾಕ್ಸಿ ಬ್ರಷ್‌ನಿಂದಲೂ ಹಚ್ಚಬಹುದು. ಸಂದುಗಳಿಗೆ ಬ್ರಷ್ಷೇ ಮೇಲು, ಒತ್ತಿ ಒಳಗೆ ತುಂಬಬಹುದು. ಕೈಗವಸು ಹಾಕಿಕೊಳ್ಳಿ. ಎರಡು ಕೋಟ್. ಆಮೇಲೆ ವೆಲ್ಡಿಂಗ್ ಮಾಡಿದ ಪ್ರತಿ ಜೋಡಣೆಗೆ ಮೇಲೂ ಕೆಳಗೂ ಸಂದು ಮುಚ್ಚುವ ಸೀಮ್ ಸೀಲರ್. ಬಿಸಿಲಿಗೆ ಎಪಾಕ್ಸಿ ಸುಣ್ಣದ ಹಾಗೆ ಪುಡಿಯಾಗುತ್ತದೆ, ಹಾಗಾಗಿ ಮೇಲೆ ಪೇಂಟ್ ಬರಲೇಬೇಕು.

ಪುಟ್ಟಿ ನನಗೆ ಶತ್ರುವಲ್ಲ. ಹೊರಮೈಯ ತಗ್ಗು ಉಬ್ಬು ಸರಿಮಾಡಲು ಅದು ಬೇಕು, ಪ್ರೈಮರಿನ ಮೇಲೆ, ಹೆಚ್ಚೆಂದರೆ 3 ಮಿಲಿಮೀಟರ್. ಅದಕ್ಕಿಂತ ಜಾಸ್ತಿ ಬೇಕಾದರೆ ತಗಡನ್ನೇ ಬಡಿದು ಎಬ್ಬಿಸಬೇಕು. ಪುಟ್ಟಿ ನೀರು ಕುಡಿಯುತ್ತದೆ, ಅದನ್ನು ಒಣ ಕಾಗದದಿಂದಲೇ ಉಜ್ಜಿ. 80, 180, 320 ನಂಬರಿನ ಕಾಗದ, ಹೀಗೆ. ನೀರು ಹಾಕಿ ಉಜ್ಜುವುದು ಮೇಲೆ ಸರ್ಫೇಸರ್ (ಪೇಂಟಿಗೆ ಮೊದಲು ಮೈ ನುಣುಪು ಮಾಡುವ ಕೋಟ್) ಬಿದ್ದ ಮೇಲೆ, 600ರಲ್ಲಿ. ಬೇರೆಯವರು ಹಿಂದೆ ಎಲ್ಲೆಲ್ಲಿ ಪುಟ್ಟಿ ತುಂಬಿದ್ದಾರೆ ಅಂತ ನೋಡಬೇಕಾದರೆ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಗಾಡಿಯ ಮೈ ಮೇಲೆ ಎಳೆಯಿರಿ. ಹಿಡಿತ ಬಿಟ್ಟ ಕಡೆ ಪುಟ್ಟಿಯಿದೆ.

ಕೊನೆಯ ಪೇಂಟ್ ವಿಷಯದಲ್ಲಿ ನನ್ನ ಮಾತು ಕೇಳಿ. ಪಿಯು (ಪಾಲಿಯುರೆಥೇನ್) ಪೇಂಟ್ ಹೊಳಪು ಚೆನ್ನ, ಬಾಳಿಕೆ ಚೆನ್ನ. ಆದರೆ ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದನ್ನು ಸ್ಪ್ರೇ ಮಾಡುವಾಗ ಉಸಿರಿಗೆ ಹೋದರೆ ಜೀವನಪೂರ್ತಿ ಉಬ್ಬಸ ಅಂಟಿಕೊಳ್ಳಬಹುದು. ಬಟ್ಟೆ ಮಾಸ್ಕ್ ಏನೂ ತಡೆಯುವುದಿಲ್ಲ, ಹೊರಗಿನಿಂದ ಗಾಳಿ ಬರುವ ಮುಖವಾಡ ಬೇಕು. ನನ್ನ ಜೊತೆಯ ಇಬ್ಬರು ಪೇಂಟರ್‌ಗಳು ಈಗ ಇನ್ಹೇಲರ್ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾರೆ. ಮನೆಯಂಗಳದಲ್ಲಿ ಪಿಯು ಸ್ಪ್ರೇ ಬೇಡ. ಬೇಕೇ ಬೇಕಾದರೆ ಪೇಂಟ್ ಬೂತ್ ಇರುವ ಕಡೆ ಹೊಡೆಸಿ. ಮನೆಯಲ್ಲಾದರೆ ಸಿಂಥೆಟಿಕ್ ಎನಾಮೆಲ್ ಸಾಕು, ತೆಳುವಾಗಿ ಮೂರು ಕೋಟ್. ಹಳೆಯ ಲಾರಿಗಳಿಗೆ ಬ್ರಷ್‌ನಲ್ಲೇ ಹೊಡೆಯುತ್ತಿದ್ದರು, ಅದಕ್ಕೆ ಅದರದ್ದೇ ಚಂದ.

ಪೇಂಟ್ ಒಣಗಿದ ಮೇಲೆ ಬಾಗಿಲು, ಕ್ಯಾಬಿನ್ ಪಟ್ಟಿಗಳ ಟೊಳ್ಳು ಜಾಗಕ್ಕೆ ಕ್ಯಾವಿಟಿ ವ್ಯಾಕ್ಸ್, ಅಂದರೆ ತುಕ್ಕು ತಡೆಯುವ ಮೇಣ, ಹೊಡೆಯಿರಿ. ಕೆಳಗಿನ ತೂತುಗಳು ತೆರೆದಿವೆಯೇ ಅಂತ ಕಡ್ಡಿ ಹಾಕಿ ನೋಡಿ. ಸರ್ವಿಸ್ ಸ್ಟೇಷನ್‌ಗಳಲ್ಲಿ ವೇಸ್ಟ್ ಆಯಿಲ್ ಹೊಡೆಯುವ ಅಭ್ಯಾಸ ಇದೆ. ಸುಟ್ಟ ಆಯಿಲ್‌ನಲ್ಲಿ ಆಸಿಡ್ ಸೇರಿರುತ್ತದೆ, ರಬ್ಬರ್ ಬುಷ್ ಹಾಳಾಗುತ್ತದೆ, ನಿಮ್ಮ ಬಾವಿಗೂ ಇಳಿಯುತ್ತದೆ. ಬೇಡ.

ಹಿಂದಿನ ಬಾಡಿಯ ಅಡಿಪಟ್ಟಿಗಳು ಪದರ ಎದ್ದಿವೆ ಅಂದಿರಿ. ಅವನ್ನು ಉಳಿಸಲು ಹೋಗಬೇಡಿ. ಬಾಡಿಯನ್ನು ಚಾಸಿಗೆ ಕಟ್ಟಿರುವ ಯು ಬೋಲ್ಟ್ ಬಿಚ್ಚಿ, ಬಾಡಿ ಎತ್ತಿ, ಹೊಸ ಚಾನೆಲ್ ಹಾಕಿಸಿ. ಎತ್ತಿದಾಗ ಚಾಸಿ ಮತ್ತು ಬಾಡಿ ನಡುವಿನ ಮರದ ಪಟ್ಟಿ ನೋಡಿ. ಅದು ನೀರು ಕುಡಿದು ಚಾಸಿಯ ಮೇಲ್ಭಾಗವನ್ನು ತಿಂದಿರುತ್ತದೆ. ಹಲಗೆಗೆ ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಬಹುದು, ನಿಮ್ಮ ಕಡೆ ಸಿಗುತ್ತದೆ, ಚರ್ಮಕ್ಕೆ ತಾಗಿದರೆ ಸುಡುತ್ತದೆ ಜೋಪಾನ. ಇದೆಲ್ಲ ಒಂದೇ ಬೇಸಿಗೆಗೆ ಮುಗಿಯುವುದಿಲ್ಲ. ಈ ಸಲ ಕ್ಯಾಬಿನ್, ಮುಂದಿನ ಸಲ ಬಾಡಿ ಅಂತ ಇಟ್ಟುಕೊಳ್ಳಿ.

ಹಣ ಹಾಕುವ ಮೊದಲು ಆರ್‌ಟಿಒದಲ್ಲಿ ಒಮ್ಮೆ ವಿಚಾರಿಸಿ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇಲ್ಲದೆ ರಸ್ತೆಗೆ ಇಳಿಸುವಂತಿಲ್ಲ, ಹಳೆಯ ವಾಹನಕ್ಕೆ ಶುಲ್ಕವೂ ಜಾಸ್ತಿ. ಅಪ್ಪಯ್ಯನ ಹೆಸರಿನಿಂದ ಆರ್‌ಸಿ ಬದಲಾಗಿಲ್ಲದಿದ್ದರೆ ಅದು ಮೊದಲು. ಬಣ್ಣ ಬದಲಿಸುವುದಾದರೆ ಆರ್‌ಸಿಯಲ್ಲೂ ಬದಲಾಗಬೇಕು. ಹಳೆಯ ಬಣ್ಣವನ್ನೇ ಹೊಡೆದರೆ ಆ ಓಡಾಟ ಉಳಿಯುತ್ತದೆ. ಎಫ್‌ಸಿಗೆ ಹೋಗುವಾಗ ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪ್ ಮರೆಯಬೇಡಿ.

ಗಾಜು ಕೂರಿಸುವಾಗ ಹಳೆಯ ರಬ್ಬರ್ ಮತ್ತೆ ಹಾಕಬೇಡಿ, ಹೊಸದು ತನ್ನಿ. ಕ್ಯಾಬಿನ್ನಿಗೆ ಫೆಲ್ಟ್ ಬೇಡ, ಬರೀ ಮ್ಯಾಟ್ ಹಾಸಿ, ಅದೂ ಅಂಟಿಸದೆ. ಜೂನ್‌ನಲ್ಲಿ ಮೊದಲ ಜೋರು ಮಳೆ ಬಂದ ಮರುದಿನ ಮ್ಯಾಟ್ ಎತ್ತಿ ಅಡಿಗೆ ಕೈ ಆಡಿಸಿ. ಒದ್ದೆ ತಾಗಿದರೆ ಗಾಜಿನ ಕೆಳಗಿನ ಎರಡು ಮೂಲೆಗಳನ್ನು ನೋಡಿ. ಹತ್ತರಲ್ಲಿ ಎಂಟು ಸಲ ಸೋರುವುದು ಅಲ್ಲೇ.